ಸಂಕಷ್ಟಿಯ ದಿನ ಎಂಟು ಗಂಟೆಗೆ ಇಳಿತ

ಜುಲೈ ತಿಂಗಳ ಮಳೆಯಲ್ಲಿ ತೋಟದ ಸಂಕದ ಮೇಲೆ ಕಾಲು ಜಾರಿತು. ಸಂಕ ಅಂದರೆ ಬಸಿಗಾಲುವೆ ದಾಟಲು ಅಡಿಕೆ ದಬ್ಬೆ ಜೋಡಿಸಿ ಹಾಕಿದ ಕಾಲುಸೇತುವೆ. ಮದುವೆಯಾಗಿ ಬಂದ ಮೇಲೆ ದಿನಕ್ಕೆ ನಾಲ್ಕು ಸಲವಾದರೂ ದಾಟಿದ ಜಾಗ. ಅವತ್ತು ಹಾವಸೆ ಕಟ್ಟಿತ್ತು. ಬಲಗಾಲಿನ ಪಾದ ಒಳಕ್ಕೆ ಮಡಚಿಕೊಂಡಿತು, ಮೈಭಾರವೆಲ್ಲ ಅದರ ಮೇಲೆ ಬಿತ್ತು, ನಾನು ಬಸಿಗಾಲುವೆಯಲ್ಲಿದ್ದೆ. ಒಳಗೆಲ್ಲೋ ಒಣ ಕಡ್ಡಿ ಮುರಿದ ಹಾಗೆ ಒಂದು ಸದ್ದು ಕೇಳಿಸಿತ್ತು. ಆ ಸದ್ದು ಇವತ್ತಿಗೂ ಮರೆತಿಲ್ಲ.

ಮೊದಲು ತೋರಿಸಿದ ಕಡೆ ಉಳುಕು ಅಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮನೆಯಲ್ಲಿ ನಾಲ್ಕು ದಿನ ಎಣ್ಣೆ ಹಚ್ಚಿ ತಿಕ್ಕಿದೆವು. ಪಾದ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಕಾಲು ಊರಲು ಆಗಲೇ ಇಲ್ಲ. ಐದನೇ ದಿನ ಶಿರಸಿಗೆ ಹೋಗಿ ಎಕ್ಸ್‌ರೇ ತೆಗೆಸಿದಾಗ ಗೊತ್ತಾಯಿತು, ಮೊಣಕಾಲಿನ ಕೆಳಗಿರುವ ಎರಡು ಮೂಳೆಗಳಲ್ಲಿ ಹೊರಗಿನ ತೆಳು ಮೂಳೆ, ಫಿಬುಲಾ, ಪಾದದ ಗಂಟಿನ ಹತ್ತಿರ ಮುರಿದಿದೆ ಅಂತ. ಮೂಳೆ ಜರುಗಿರಲಿಲ್ಲ. ಹಾಗಾಗಿ ಆಪರೇಷನ್ ಬೇಡ, 6 ವಾರ ಪ್ಲಾಸ್ಟರ್ ಅಂದರು.

ಇದನ್ನು ಬರೆಯುವಾಗ ಒಂದು ಮಾತು ಹೇಳಲೇಬೇಕು. ಮುಂದೆ ಫಿಸಿಯೋಥೆರಪಿ ಮಾಡಿಸಿದವರು ನನಗೆ ಇದನ್ನು ಹೇಳಿದರು. ಪಾದ ತಿರುಚಿದಾಗ ಎಕ್ಸ್‌ರೇ ಬೇಕೋ ಬೇಡವೋ ಎಂದು ನೋಡಲು ಡಾಕ್ಟರುಗಳ ಬಳಿ ಒಂದು ಸರಳ ಲೆಕ್ಕ ಇದೆ. ಒಟ್ಟಾವಾ ನಿಯಮ ಅನ್ನುತ್ತಾರೆ. ಗಂಟಿನ ಎರಡೂ ಬದಿ ಉಬ್ಬಿಕೊಂಡಿರುವ ಮೂಳೆಯ ಹಿಂದಿನ ಅಂಚನ್ನು, ತುದಿಯನ್ನು ಒತ್ತಿದಾಗ ನೋವಾಗುತ್ತದೆಯೇ? ಬಿದ್ದ ತಕ್ಷಣವೂ, ಆಮೇಲೆ ತೋರಿಸಲು ಹೋದಾಗಲೂ ನಾಲ್ಕು ಹೆಜ್ಜೆ ಹಾಕಲು ಆಗುವುದಿಲ್ಲವೇ? ಇದರಲ್ಲಿ ಒಂದಕ್ಕೆ ಹೌದು ಅಂತಾದರೂ ಎಕ್ಸ್‌ರೇ ತೆಗೆಸಬೇಕು. ನನಗೆ ಎರಡೂ ಇತ್ತು. ತೋಟದಲ್ಲಿ ಬೀಳುವವರು ನಮ್ಮ ಕಡೆ ಒಬ್ಬಿಬ್ಬರಲ್ಲ. ಇದೊಂದು ಎಲ್ಲರ ಮನೆಯಲ್ಲೂ ಗೊತ್ತಿರಲಿ ಅನ್ನಿಸುತ್ತದೆ.

ಪ್ಲಾಸ್ಟರ್ ಬಿಚ್ಚಿದ ದಿನ ನಾನು ತುಂಬಾ ಖುಷಿಯಲ್ಲಿದ್ದೆ. ಮನೆಗೆ ಬಂದ ಮೇಲೆ ಬೇಜಾರು ಶುರುವಾಯಿತು. ಮೀನಖಂಡ ಬತ್ತಿಹೋಗಿತ್ತು. ಎಡಗಾಲಿನ ಪಕ್ಕ ಬಲಗಾಲು ಇಟ್ಟರೆ ಬೇರೆ ಯಾರದೋ ಕಾಲಿನ ಹಾಗೆ ಕಾಣುತ್ತಿತ್ತು. ಗಂಟು ಬಾಗುತ್ತಲೇ ಇರಲಿಲ್ಲ. ಅದನ್ನು ಅಳೆಯುವ ಒಂದು ಕ್ರಮ ಇದೆ. ಗೋಡೆಗೆ ಎದುರಾಗಿ ನಿಂತು, ಹಿಮ್ಮಡಿ ಎತ್ತದೆ, ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇಡಲು ಆಗುತ್ತದೋ ಅಷ್ಟು ಗಂಟು ಬಾಗುತ್ತದೆ ಅಂತ ಅರ್ಥ. ನನ್ನ ಎಡಗಾಲು 11 ಸೆಂಟಿಮೀಟರ್, ಬಲಗಾಲು 3. ಆ ಸ್ಕೇಲು ಇವತ್ತಿಗೂ ಜಗಲಿಯ ಗೋಡೆ ಪಕ್ಕದಲ್ಲೇ ಇದೆ.

ಆಮೇಲೆ ಶುರುವಾಯಿತು ದಿನದ ಪಾಠ. ಮಂಚದ ತುದಿಯಲ್ಲಿ ಕೂತು ಕಾಲಿನ ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರಮಾಲೆ ಬರೆಯುವುದು. ಅ ಆ ಸುಲಭ. ಋ ಮತ್ತು ಞ ಬರೆಯುವಾಗ ಗಂಟಿನೊಳಗೆ ಕಟಕಟ ಅನ್ನುತ್ತಿತ್ತು. ನೆಲದ ಮೇಲಿನ ಟವೆಲ್ಲನ್ನು ಬೆರಳಿನಿಂದ ಮಡಚಿ ಎಳೆದುಕೊಳ್ಳುವುದು. ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು, ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದರಲ್ಲಿ. ತುಳಸಿ ಕಟ್ಟೆಯ ಹತ್ತಿರ ಒಂಟಿ ಕಾಲಿನಲ್ಲಿ ಕಣ್ಣು ಮುಚ್ಚಿ ನಿಲ್ಲುವುದು. ಎಡಗಾಲಿನಲ್ಲಿ ಇಪ್ಪತ್ತು ಎಣಿಸುವ ತನಕ ನಿಲ್ಲುತ್ತಿದ್ದೆ. ಬಲಗಾಲಿನಲ್ಲಿ ಮೂರಕ್ಕೆ ಕಟ್ಟೆ ಹಿಡಿದುಕೊಳ್ಳುತ್ತಿದ್ದೆ.

ಡಿಸೆಂಬರ್ ಹೊತ್ತಿಗೆ ಗೋಡೆಯ ಅಳತೆ 8ಕ್ಕೆ ಬಂತು. ಮನೆಯೊಳಗೆ ನೋಡಿದವರಿಗೆ ನನ್ನ ಕುಂಟು ಕಾಣುತ್ತಿರಲಿಲ್ಲ. ಆದರೆ ಅಂಗಳ ದಾಟಿ ತೋಟದ ಕಡೆ ತಿರುಗಿದರೆ ಸಾಕು, ಕಾಲು ನಿಂತುಬಿಡುತ್ತಿತ್ತು. ನೋವಿನಿಂದ ಅಲ್ಲ. ನೆಲ ನನ್ನನ್ನು ಹಿಡಿದುಕೊಳ್ಳುತ್ತದೆ ಅನ್ನುವ ನಂಬಿಕೆಯೇ ಹೋಗಿತ್ತು. ಅದನ್ನು ಫಿಸಿಯೋ ಅವರಿಗೆ ಹೇಳುವಾಗ ನನಗೆ ಅಳು ಬಂತು. ಅವರು ಸಮಾಧಾನವಾಗಿ ಕೇಳಿಸಿಕೊಂಡರು. ಗಂಟಿನ ಸುತ್ತ ಇರುವ ಲಿಗಮೆಂಟುಗಳಲ್ಲಿ ಸಣ್ಣ ನರಗಳ ತುದಿಗಳು ಇರುತ್ತವೆ, ಪಾದ ಯಾವ ಕಡೆ ವಾಲಿದೆ ಎಂದು ಅವು ಕ್ಷಣಕ್ಷಣಕ್ಕೂ ಸುದ್ದಿ ಕಳಿಸುತ್ತಿರುತ್ತವೆ, ಪೆಟ್ಟು ಬಿದ್ದಾಗ ಆ ಸುದ್ದಿ ಮಂದವಾಗುತ್ತದೆ ಅಂದರು. "ಮನೆಯ ನೆಲ ಸಮ ಇರುತ್ತದೆ. ಅಲ್ಲಿ ನಿಮ್ಮ ಗಂಟಿಗೆ ಯಾವ ಪ್ರಶ್ನೆಯೂ ಬರುವುದಿಲ್ಲ. ಮೂಳೆ ಕೂಡಿದೆ. ಇನ್ನು ಏರುತಗ್ಗು ಇರುವ ಕಡೆ ನಡೆಯಬೇಕು, ಸ್ವಲ್ಪ ಸ್ವಲ್ಪ," ಅಂದರು.

ಕುಮಟೆಯಲ್ಲಿರುವ ತಂಗಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವಳು ಒಂದು ನಿಮಿಷ ಸುಮ್ಮನಿದ್ದು, "ಗೋಕರ್ಣಕ್ಕೆ ಹೋಪನ ಅಕ್ಕಾ? ಗುಡ್ಡ ಹತ್ತಿ ಕುಡ್ಲೆಗೆ, ಅಲ್ಲಿಂದ ಓಂ ಬೀಚಿಗೆ," ಅಂದಳು. ಕಾಲೇಜಿನ ದಿನಗಳಲ್ಲಿ ನಾವಿಬ್ಬರೂ ನಡೆದ ದಾರಿ ಅದು. ಒಂದು ದಿನದ ಮಟ್ಟಿಗೆ ಸರಿಯಾದ ದಾರಿ ಕೂಡ. ಮೂರು ಕಡಲತೀರ, ನಡುವೆ ಎರಡು ಗುಡ್ಡ, ಒಟ್ಟು ದೂರ ಐದು ಕಿಲೋಮೀಟರ್ ಆಸುಪಾಸು. ಕುಡ್ಲೆಯ ಹತ್ತಿರಕ್ಕೂ ಓಂ ಬೀಚಿನ ಮೇಲಕ್ಕೂ ಆಟೋ ಬರುತ್ತದೆ. ಎಲ್ಲಿ ಬೇಕಾದರೂ ಸಾಕು ಅನ್ನಬಹುದು.

ದಿನ ಆರಿಸಿದ್ದು ತಂಗಿ. ಅವಳು ಕಡಲ ಪಕ್ಕದ ಮನೆಯವಳು. ಕ್ಯಾಲೆಂಡರ್ ನೋಡಿ, "ಸಂಕಷ್ಟಿ ದಿನ ಬಾ," ಅಂದಳು. ದೇವರಿಗೋಸ್ಕರ ಅಂದುಕೊಂಡೆ. ಅದೂ ಹೌದು, ಆದರೆ ಇಳಿತದ ಲೆಕ್ಕವೂ ಇತ್ತು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ನಸುಕಿನ ಐದರ ಹೊತ್ತಿಗೆ ನೀರು ಪೂರಾ ಇಳಿದಿರುತ್ತದೆ. ಆಮೇಲೆ ಅದು ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆಯ ನಂತರದ ಚೌತಿಯೇ ಸಂಕಷ್ಟಿ. ಅಂದರೆ ಅವತ್ತು ಎಂಟು ಗಂಟೆಯ ಆಚೀಚೆ ಇಳಿತ. ನೀರು ಇಳಿದಾಗ ಒದ್ದೆ ಮರಳು ಅಗಲವಾಗಿ ಸಿಗುತ್ತದೆ. ಅದು ಗಟ್ಟಿ, ಹೆಚ್ಚೂ ಕಡಿಮೆ ಸಮ. ಉಬ್ಬರದ ಹೊತ್ತಿನಲ್ಲಿ ಹೋದರೆ ಮೇಲಿನ ಒಣ ಮರಳಿನಲ್ಲೇ ನಡೆಯಬೇಕು. ಒಣ ಮರಳಿನಲ್ಲಿ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಶಕ್ತಿ ಬೇಕು. ಬತ್ತಿದ ಮೀನಖಂಡಕ್ಕೆ ಅದು ದೊಡ್ಡ ಹೊರೆ.

ಫಿಸಿಯೋ ಅವರು ಒಪ್ಪಿದರು. ಮೂರು ಮಾತು ಹೇಳಿದರು. ಹತ್ತರಲ್ಲಿ ಮೂರರಷ್ಟು ನೋವು ಬಂದರೆ ನಡೆಯಿರಿ, ಐದು ಬಂದರೆ ಕೂತುಕೊಳ್ಳಿ. ಎಲ್ಲಿಂದ ಹಿಂತಿರುಗಬೇಕು ಅನ್ನುವುದನ್ನು ಜಾಗ ನೋಡಿ ಅಲ್ಲ, ಕಾಲು ನೋಡಿ ತೀರ್ಮಾನಿಸಿ. ಕೋಲನ್ನು ಎಡಗೈಯಲ್ಲಿ ಹಿಡಿಯಿರಿ. ನೋವಿರುವುದು ಬಲಗಾಲಿಗೆ ಅಲ್ವಾ, ಕೋಲು ಎಡಗೈಗೆ ಯಾಕೆ ಅಂತ ಕೇಳಿದೆ. ಬಲಗಾಲು ಊರುವ ಹೊತ್ತಿಗೆ ಎಡಗೈ ಮುಂದೆ ಬರುವುದು ನಮ್ಮ ನಡಿಗೆಯ ಸಹಜ ಕ್ರಮ. ಆಗ ಭಾರ ಎರಡೂ ಬದಿಗೆ ಹಂಚಿಹೋಗುತ್ತದೆ. ಬಲಗೈಯಲ್ಲೇ ಹಿಡಿದರೆ ಮೈ ಅದೇ ಬದಿಗೆ ವಾಲುತ್ತದೆ. ಅಂಗಳದಲ್ಲಿ ಎರಡೂ ಥರ ನಡೆದು ನೋಡಿದೆ. ನಿಜ.

ಜನವರಿಯಲ್ಲಿ ಸಂಕಷ್ಟಿಯ ಹಿಂದಿನ ದಿನ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದೆ. ಮಾವನವರ ಬೆತ್ತದ ಕೋಲು ಜೊತೆಗಿತ್ತು. ಮರುದಿನ ಬೆಳಿಗ್ಗೆ ತಂಗಿಯ ಯಜಮಾನರು ನಮ್ಮಿಬ್ಬರನ್ನೂ ಗೋಕರ್ಣದ ರಥಬೀದಿಯ ಹತ್ತಿರ ಇಳಿಸಿ ಹೋದರು. ಆಗಿನ್ನೂ ಏಳು ಗಂಟೆ. ಹಾಲಕ್ಕಿ ಹೆಂಗಸರು ಹೂವು, ಸೊಪ್ಪು ಹರವಿಕೊಂಡು ಕೂರುತ್ತಿದ್ದರು.

ಗೋಕರ್ಣದಲ್ಲಿ ಮಹಾಬಲೇಶ್ವರನಿಗಿಂತ ಮೊದಲು ಮಹಾಗಣಪತಿಗೆ ಕೈಮುಗಿಯುವುದು ರೂಢಿ. ರಾವಣನ ಕೈಯಲ್ಲಿದ್ದ ಆತ್ಮಲಿಂಗವನ್ನು ನೆಲಕ್ಕೆ ಇಟ್ಟವನು ಈ ಗಣಪತಿ. ಸಿಟ್ಟಿನಲ್ಲಿ ರಾವಣ ತಲೆಗೆ ಗುದ್ದಿದ, ಆ ಗುದ್ದಿನ ಗುರುತು ಮೂರ್ತಿಯ ತಲೆಯ ಮೇಲೆ ಇವತ್ತಿಗೂ ಇದೆ ಅನ್ನುತ್ತಾರೆ. ಚಿಕ್ಕಂದಿನಿಂದ ಕೇಳಿದ ಕತೆ. ಅವತ್ತು ಮಾತ್ರ ಅದು ಬೇರೆಯೇ ಥರ ಮನಸ್ಸಿಗೆ ತಟ್ಟಿತು. ಎರಡು ಕೈಯ, ನಿಂತುಕೊಂಡೇ ಇರುವ ಗಣಪತಿ. ಪೆಟ್ಟು ತಿಂದಿದ್ದಾನೆ, ಗುರುತು ಮಾಸಿಲ್ಲ, ನಿಂತೇ ಇದ್ದಾನೆ. ನಾನು ಹೆಚ್ಚು ಹೊತ್ತು ಕೈಮುಗಿದು ನಿಂತೆ. ತಂಗಿ ಏನೂ ಕೇಳಲಿಲ್ಲ.

ಊರ ಕಡಲತೀರಕ್ಕೆ ಇಳಿದು ತೆಂಕಿಗೆ ತಿರುಗಿದೆವು. ಇಲ್ಲಿ ನನಗೆ ಯಾರೂ ಹೇಳದಿದ್ದ ಒಂದು ವಿಷಯ ಎದುರಾಯಿತು. ನೀರಿನ ಅಂಚಿನ ಹತ್ತಿರ ಹೋಗುವ ಮೊದಲು, ಸ್ವಲ್ಪ ಮೇಲಿನ ಮರಳಿನಲ್ಲಿ ನಡೆಯುತ್ತಿದ್ದೆವು. ಅಲ್ಲಿ ತೀರ ಕಡಲಿನ ಕಡೆಗೆ ಇಳಿಜಾರಾಗಿದೆ. ತೆಂಕಿಗೆ ಹೋಗುವಾಗ ಕಡಲು ಬಲಕ್ಕೆ. ಅಂದರೆ ಬಲಗಾಲು ಯಾವಾಗಲೂ ತಗ್ಗಿನ ಬದಿಗೆ. ತಗ್ಗಿನ ಬದಿಯ ಪಾದ ಪ್ರತಿ ಹೆಜ್ಜೆಗೂ ಹೊರ ಅಂಚಿನ ಮೇಲೆ ವಾಲುತ್ತದೆ, ಅಂಗಾಲು ಒಳಕ್ಕೆ ತಿರುಗುತ್ತದೆ. ಸಂಕದ ಮೇಲೆ ಮಡಚಿಕೊಂಡದ್ದೂ ಹೀಗೆಯೇ. ಇನ್ನೂರು ಹೆಜ್ಜೆಯೊಳಗೆ ಹೊರಬದಿಯ ಮೂಳೆಯ ಕೆಳಗೆ ನೋವು ಶುರುವಾಯಿತು. ನಾಲ್ಕು ಅನ್ನಬಹುದು.

ಇಷ್ಟು ಬೇಗ ಯಾಕೆ ಎಂದು ಅರ್ಥವಾಗದೆ ನಿಂತೆ. ಹಿಂದಕ್ಕೆ ತಿರುಗಿ ನಾಲ್ಕು ಹೆಜ್ಜೆ ಹಾಕಿದೆ. ನೋವಿಲ್ಲ! ಮತ್ತೆ ತೆಂಕಿಗೆ. ನೋವು. ಬಡಗಿಗೆ. ಇಲ್ಲ. ಆಗ ಹೊಳೆಯಿತು, ತಪ್ಪು ಕಾಲಿನದ್ದಲ್ಲ, ನೆಲದ ವಾಲಿಕೆಯದ್ದು ಅಂತ. ಇದು ಗೊತ್ತಾದಾಗ ಆದ ಸಮಾಧಾನ ಇಷ್ಟಿಷ್ಟಲ್ಲ. ನೀರಿನ ಹತ್ತಿರ, ಇಳಿತ ಬಿಟ್ಟುಹೋದ ಅಗಲ ಒದ್ದೆ ಮರಳಿಗೆ ಹೋದೆವು. ಅಲ್ಲಿ ವಾಲಿಕೆ ಇಲ್ಲವೆನ್ನುವಷ್ಟು ಕಡಿಮೆ. ನೋವು ಎರಡಕ್ಕೆ ಇಳಿಯಿತು. ಕಾಲು ಸರಿ ಇಲ್ಲದವರು ಕಡಲತೀರಕ್ಕೆ ನಡೆಯಲು ಹೋಗುವುದಾದರೆ ದಯವಿಟ್ಟು ಇದನ್ನು ನೆನಪಿಡಿ. ನಮ್ಮ ಕರಾವಳಿಯಲ್ಲಿ ಬಲಗಾಲಿನ ಹೊರಬದಿಗೆ ಪೆಟ್ಟಾದವರಿಗೆ ಬಡಗಿಗೆ ನಡೆಯುವುದು ಹಗುರ, ಎಡಗಾಲಿನವರಿಗೆ ತೆಂಕಿಗೆ.

ತೀರದ ತೆಂಕು ತುದಿಯಲ್ಲಿ ರಾಮ ಮಂದಿರ. ಅಲ್ಲಿ ಸಿಹಿನೀರು ಬೀಳುತ್ತದೆ. ಮುಖ ತೊಳೆದುಕೊಂಡು ಮೆಟ್ಟಿಲು ಹತ್ತಿದೆವು. ಹತ್ತುವುದು ಕಷ್ಟವಾಗಲಿಲ್ಲ. ಒಳ್ಳೆಯ ಕಾಲು ಮೊದಲು ಮೇಲಿಟ್ಟು, ನೋವಿನ ಕಾಲನ್ನು ಅದರ ಪಕ್ಕಕ್ಕೆ ತಂದುಕೊಂಡರೆ ಆಯಿತು.

ಗುಡ್ಡದ ಮೇಲೆ ಚಿರೆಕಲ್ಲಿನ ಬಯಲು. ಬೆಳಗಿನ ಬಿಸಿಲು ಇನ್ನೂ ಎಳೆಯದು, ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿತ್ತು. ದಾರಿಯ ತುಂಬ ಸಣ್ಣ ಕೆಂಪು ಕಲ್ಲಿನ ಹರಳು. ಒಣಗಲು ಹರವಿದ ಅಡಿಕೆಯ ಮೇಲೆ ಕಾಲಿಟ್ಟರೆ ಹೇಗೆ ಉರುಳುತ್ತದೋ ಹಾಗೆ ಅವು ಕಾಲ ಕೆಳಗೆ ಉರುಳುತ್ತವೆ. ಲೇಸು ಬಿಗಿದು ಕಟ್ಟುವ ಗಂಟಿನ ಪಟ್ಟಿ ಹಾಕಿಕೊಂಡಿದ್ದೆ, ಮೇಲೆ ಶೂ. ಆದರೂ ಪ್ರತಿ ಹೆಜ್ಜೆಯನ್ನೂ ನೋಡಿಯೇ ಇಡುತ್ತಿದ್ದೆ. ಪಕ್ಕದಲ್ಲಿ ಅಷ್ಟು ದೊಡ್ಡ ಕಡಲು ಇತ್ತು. ನನಗೆ ಕಂಡದ್ದು ನನ್ನ ಶೂ ಮಾತ್ರ. ತಂಗಿ ಅಲ್ಲಲ್ಲಿ ನಿಂತು "ಕತ್ತು ಎತ್ತು ಅಕ್ಕಾ, ನೋಡು," ಅನ್ನುತ್ತಿದ್ದಳು. ಕತ್ತು ಎತ್ತಬೇಕಾದರೆ ನಿಲ್ಲಬೇಕಾಗಿತ್ತು. ನಿಂತು ನೋಡಿದೆ. ದೂರದಲ್ಲಿ ಎರಡು ದೋಣಿ. ಮತ್ತೆ ತಲೆ ತಗ್ಗಿಸಿ ನಡೆದೆ.

ಕುಡ್ಲೆಗೆ ಇಳಿಯುವ ಜಾಗ ಬಂತು. ನಾನು ಹೆದರಿದ್ದು ಇದಕ್ಕೇ. ಕೆಳಗೆ ಅರ್ಧಚಂದ್ರದ ಹಾಗೆ ಬಾಗಿದ ತೀರ, ತೆಂಗಿನ ಮರಗಳು, ಹಂಚಿನ ಮಾಡು. ನಡುವೆ ಕಲ್ಲುಕಲ್ಲಿನ ಇಳಿಜಾರು. ಇಳಿಯುವಾಗ ಯಾವ ಕಾಲು ಹಿಂದೆ ಮೇಲಿರುತ್ತದೋ ಅದರ ಗಂಟು ಜಾಸ್ತಿ ಬಾಗಬೇಕು. ಅದಕ್ಕೇ ನೋವಿನ ಕಾಲನ್ನು ಮೊದಲು ಕೆಳಗಿಡಬೇಕು, ಬಾಗುವ ಕೆಲಸವನ್ನು ಒಳ್ಳೆಯ ಕಾಲಿಗೆ ಬಿಡಬೇಕು. ಇದು ಬಾಯಿಪಾಠವಾಗಿತ್ತು. ಆದರೆ ಮೊದಲ ಕಲ್ಲಿನ ಅಂಚಿನಲ್ಲಿ ನಿಂತಾಗ ತೋಟದ ಸಂಕ ಕಣ್ಣ ಮುಂದೆ ಬಂತು. ಆ ಸದ್ದು ಕಿವಿಗೆ ಬಂತು. ಕಾಲು ನೆಲಕ್ಕೆ ಅಂಟಿಕೊಂಡಿತು. ಕೈ ಬೆವತು ಕೋಲು ಜಾರುತ್ತಿತ್ತು. ನೋವು ಸೊನ್ನೆ. ಇದಕ್ಕೆ ಹತ್ತರಲ್ಲಿ ಎಷ್ಟು ಎಂದು ಅಳೆಯುವ ಲೆಕ್ಕ ನನ್ನ ಹತ್ತಿರ ಇರಲಿಲ್ಲ.

"ಎಂತಾ ಆತೇ?" ಅಂತ ತಂಗಿ ಕೆಳಗಿನಿಂದ ಕೇಳಿದಳು. ಉತ್ತರ ಕೊಡಲು ಆಗಲಿಲ್ಲ.

ಹಿಂದಿನಿಂದ ಒಬ್ಬರು ಹೆಂಗಸು ಬಂದರು. ತಲೆಯ ಮೇಲೆ ಒಣಹುಲ್ಲಿನ ಹೊರೆ, ಕೊರಳ ತುಂಬ ಮಣಿಸರ, ಬರಿಗಾಲು. ನನ್ನ ಪಟ್ಟಿ, ಕೋಲು ಎರಡನ್ನೂ ನೋಡಿದರು. "ಹಂಗೆ ನೆಟ್ಟಗೆ ಇಳಿಬ್ಯಾಡ ಅಮ್ಮ. ಅಡ್ಡ ಅಡ್ಡ ಹೋಗು," ಅಂದರು. ಮುಂದೆ ಹೋಗಿ ತಾವೇ ತೋರಿಸಿದರು. ಎಡಕ್ಕೆ ನಾಲ್ಕು ಹೆಜ್ಜೆ, ತಿರುಗಿ ಬಲಕ್ಕೆ ನಾಲ್ಕು ಹೆಜ್ಜೆ. ಹೊರೆ ಒಂದಿಷ್ಟೂ ಅಲುಗಲಿಲ್ಲ. ಘಟ್ಟದ ರಸ್ತೆ ತಿರುಗಿ ತಿರುಗಿ ಇಳಿಯುವುದೂ ಹೀಗೇ ಅಲ್ವಾ. ಇಳಿಜಾರು ಅಷ್ಟೇ ಇರುತ್ತದೆ, ನಮ್ಮ ಕಾಲಿಗೆ ಮಾತ್ರ ಕಡಿಮೆಯಾಗುತ್ತದೆ. ಅವರು ಕೆಳಗೆ ಹೋಗಿ ಒಂದು ಸಲ ತಿರುಗಿ ನೋಡಿದರು. ನಾನು ಇಳಿಯಲು ಶುರುಮಾಡಿದ್ದು ಕಂಡ ಮೇಲೆಯೇ ಮುಂದೆ ಹೋದದ್ದು. ಅವರ ಹೆಸರು ಕೇಳಲಿಲ್ಲ, ಅದು ಈಗಲೂ ಮನಸ್ಸಿನಲ್ಲಿದೆ.

ಅರ್ಧ ಇಳಿದಿರಬೇಕು. ಬಲಗಾಲಿನ ಕೆಳಗೆ ಒಂದು ಕಲ್ಲು ಉರುಳಿತು. ಪಾದ ಒಳಕ್ಕೆ ವಾಲಿತು. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ತೆರೆದಾಗ ನಿಂತೇ ಇದ್ದೆ. ನಾನು ಏನೂ ಮಾಡಿರಲಿಲ್ಲ, ಮಾಡಲು ಸಮಯವೂ ಇರಲಿಲ್ಲ. ವಾಲಿದ ಪಾದವನ್ನು ಗಂಟು ತಾನೇ ಎಳೆದು ನೇರ ಮಾಡಿಕೊಂಡಿತ್ತು. ಮೀನಖಂಡದ ಹೊರಬದಿಯ ಸ್ನಾಯು ಸೆಟೆದು ನಡುಗುತ್ತಿತ್ತು, ಅಷ್ಟೇ. ತುಳಸಿ ಕಟ್ಟೆಯ ಪಕ್ಕ ದಿನಾ ನಿಂತದ್ದು, ಗಾಳಿಯಲ್ಲಿ ಋ ಬರೆದದ್ದು, ಯಾವುದೂ ಸುಮ್ನೆ ಹೋಗಿರಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕೂತೆ. ತಂಗಿ ಓಡಿ ಮೇಲೆ ಬಂದಳು. "ನೋವಾತಾ?" ಅಂದಳು. ಇಲ್ಲ ಎಂದು ತಲೆ ಆಡಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ಕೂತಿದ್ದೆವು. ಅವತ್ತು ಕಡಲನ್ನು ಸರಿಯಾಗಿ ನೋಡಿದ್ದು ಆಗಲೇ.

ಕುಡ್ಲೆಯ ಒದ್ದೆ ಮರಳಿನಲ್ಲಿ ಶೂ, ಪಟ್ಟಿ ಎರಡನ್ನೂ ಬಿಚ್ಚಿದೆ. ಆರು ತಿಂಗಳ ನಂತರ ಮೊದಲ ಬಾರಿಗೆ ಮನೆಯ ಹೊರಗೆ ಬರಿಗಾಲು. ಮರಳು ತಣ್ಣಗಿತ್ತು. ಒಂದು ಸಣ್ಣ ತೆರೆ ಬಂದು ಗಂಟಿನ ತನಕ ತೊಯ್ಯಿಸಿ ಹಿಂದೆ ಹೋಯಿತು. ನೀರು ಹಿಂದಕ್ಕೆ ಸರಿಯುವಾಗ ಅಂಗಾಲಿನ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದಲ್ಲ, ಆಗ ಎರಡೂ ಪಾದ ಹೇಗೆ ಹೊಂದಿಕೊಳ್ಳುತ್ತವೆ ಎಂದು ಗಮನಿಸಿದೆ. ಎಡಪಾದ ತಕ್ಷಣ. ಬಲಪಾದ ಒಂದು ಕ್ಷಣ ತಡ. ಆದರೆ ಹೊಂದಿಕೊಂಡಿತು.

ಸ್ವಲ್ಪ ದೂರ ನಡೆದು ಹಿಂತಿರುಗಿ ನೋಡಿದರೆ ನನ್ನ ಹೆಜ್ಜೆಗಳು ಸಾಲಾಗಿ ಬಿದ್ದಿದ್ದವು. ಅಷ್ಟು ದಿನ ಯಾವ ಕನ್ನಡಿಯೂ ತೋರಿಸದ್ದನ್ನು ಮರಳು ತೋರಿಸಿತು. ಬಲಪಾದದ ಗುರುತು ಹೊರಕ್ಕೆ ತಿರುಗಿತ್ತು. ಹೆಬ್ಬೆರಳಿನ ಕುಳಿ ಆಳವಿರಲಿಲ್ಲ. ಕೋಲು ಇಟ್ಟು ಹೆಜ್ಜೆಯ ಉದ್ದ ಅಳೆದೆ. ಬಲಗಾಲಿನ ಹೆಜ್ಜೆ ಗಿಡ್ಡ ಇರುತ್ತದೆ ಅಂದುಕೊಂಡಿದ್ದೆ. ಗಿಡ್ಡ ಇದ್ದದ್ದು ಎಡಗಾಲಿನದ್ದು, ನಾಲ್ಕು ಬೆರಳಿನಷ್ಟು. ಅಲ್ಲೇ ನಾಲ್ಕು ಸಲ ನಿಧಾನಕ್ಕೆ ನಡೆದು ನೋಡಿದಾಗ ಕಾರಣ ಗೊತ್ತಾಯಿತು. ಎಡಗಾಲು ಮುಂದೆ ಹೋಗಬೇಕಾದರೆ ಮೈ ಬಲಗಾಲಿನ ಗಂಟಿನ ಮೇಲಿಂದ ದಾಟಿ ಹೋಗಬೇಕು. ಆ ಗಂಟು ಸಾಕಷ್ಟು ಬಾಗದಿದ್ದರೆ ಎಡಗಾಲು ಬೇಗ ಕೆಳಗೆ ಬೀಳುತ್ತದೆ. ಗೋಡೆಯ ಹತ್ತಿರ ಕೊರತೆ ಬಿದ್ದ ಆ 3 ಸೆಂಟಿಮೀಟರ್ ಇಲ್ಲಿ ಎಡಗಾಲಿನ ಲೆಕ್ಕಕ್ಕೆ ಬಂದಿತ್ತು.

ತಂಗಿಗೆ ಇದೆಲ್ಲ ತುಂಬಾ ಹಿಡಿಸಿತು. ಅವಳು ಪಕ್ಕದಲ್ಲೇ ನಡೆದು ತನ್ನ ಹೆಜ್ಜೆಯನ್ನೂ ಅಳೆದಳು. ಆಮೇಲೆ ಅವಳು "ಹಿಮ್ಮಡಿ, ಅಂಗಾಲು, ಹೆಬ್ಬೆರಳು" ಎಂದು ಹೇಳುತ್ತಾ ಹೋದಳು, ನಾನು ಅದೇ ತಾಳಕ್ಕೆ ಪಾದ ಉರುಳಿಸುತ್ತಾ ನಡೆದೆ. ಕುಡ್ಲೆಯ ತೆಂಕು ತುದಿ ಮುಟ್ಟುವ ಹೊತ್ತಿಗೆ ಹೆಬ್ಬೆರಳಿನ ಕುಳಿ ಕಾಣತೊಡಗಿತ್ತು. ನಾಲ್ಕು ಬೆರಳಿನ ಅಂತರ ಎರಡೂವರೆ ಬೆರಳಿಗೆ ಬಂದಿತ್ತು. ಒಂದೇ ಬೆಳಿಗ್ಗೆಯಲ್ಲಿ ಗಂಟು ಸಡಿಲಾಯಿತು ಅಂತಲ್ಲ. ಹೆದರಿಕೆಯಿಂದ ನಾನು ಹಿಡಿದಿಟ್ಟುಕೊಂಡಿದ್ದ ಭಾಗ ಅಷ್ಟಿತ್ತು ಅಂತ ಕಾಣುತ್ತದೆ.

ನೆರಳಿನಲ್ಲಿ ಅರ್ಧ ಗಂಟೆ ಕೂತೆವು. ತಂಗಿಗೆ ಚಂದ್ರೋದಯದ ತನಕ ಉಪವಾಸ. ಅವಳು ಎಳನೀರು ಕುಡಿದಳು. ನಾನು ಶಿರಸಿಯಿಂದ ತಂದ ತೊಡದೇವು ತಿಂದು ಮುರುಗಲು ಪಾನಕ ಕುಡಿದೆ. ಕಾಲನ್ನು ಚೀಲದ ಮೇಲೆ ಎತ್ತರಕ್ಕೆ ಇಟ್ಟುಕೊಂಡಿದ್ದೆ. ಕಾಲ್ಚೀಲದ ಅಂಚು ಚರ್ಮದಲ್ಲಿ ಅಚ್ಚು ಒತ್ತಿತ್ತು. ಸ್ವಲ್ಪ ಊತ ಇತ್ತು. ಮೂಳೆ ಕೂಡಿದ ಮೇಲೂ ಹಲವು ತಿಂಗಳು ಊತ ಬಂದು ಹೋಗುವುದು ಇದ್ದದ್ದೇ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಗಾಬರಿಯಾಗಲಿಲ್ಲ.

ಎರಡನೇ ಗುಡ್ಡ ಬೇಗ ಮುಗಿಯಿತು. ಅಡ್ಡ ಅಡ್ಡ ಹತ್ತಿ, ಮೇಲಿನ ದಾರಿಯಲ್ಲಿ ನಡೆದು, ಓಂ ಬೀಚಿನ ಮೇಲೆ ಬಂದು ನಿಂತೆವು. ಮೇಲಿಂದ ನೋಡಿದರೆ ಆ ಹೆಸರು ಯಾಕೆ ಬಂತು ಅಂತ ಕೇಳಬೇಕಾಗಿಲ್ಲ. ಎರಡು ಅರ್ಧ ಬಳೆ ಪಕ್ಕಪಕ್ಕ ಇಟ್ಟ ಹಾಗೆ ತೀರ, ನಡುವೆ ಕಡಲಿಗೆ ಚಾಚಿದ ಕಪ್ಪು ಬಂಡೆ. ಮೆಟ್ಟಿಲಿನಲ್ಲಿ ಬಲಗಾಲು, ಎಡಗಾಲು, ಬಲಗಾಲು, ಎಡಗಾಲು ಎಂದು ಇಳಿದೆ. ಈ ಸಲ ಅಂಚಿನಲ್ಲಿ ನಿಂತುಕೊಳ್ಳಲಿಲ್ಲ. ಹೆದರಿಕೆ ಇತ್ತು. ಅದರ ಜೊತೆಗೇ ಇಳಿದೆ.

ಕೆಳಗೆ ಹೋಗುವ ಹೊತ್ತಿಗೆ ಹನ್ನೊಂದಾಗುತ್ತಾ ಬಂದಿತ್ತು. ನೀರು ಏರತೊಡಗಿತ್ತು, ಒದ್ದೆ ಮರಳಿನ ಪಟ್ಟಿ ಕಿರಿದಾಗಿತ್ತು. ತೀರದ ಆ ತುದಿಯಲ್ಲಿ ಬಂಡೆಗಳ ನಡುವಿನಿಂದ ಹಾಫ್ ಮೂನ್ ಬೀಚಿಗೆ ಕಾಲುದಾರಿ ಹತ್ತುತ್ತದೆ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಕೆಳಗೆ ಕಡಲು. ಅದರ ಆಚೆ ಪ್ಯಾರಡೈಸ್ ಬೀಚ್. ಕಾಲೇಜು ದಿನಗಳಲ್ಲಿ ಅಲ್ಲಿಯ ತನಕ ಹೋಗಿದ್ದೆವು. ತಂಗಿ ನನ್ನ ಮುಖ ನೋಡಿದಳು. "ಹ್ಯಾಂಗಿದ್ದು ಕಾಲು?"

ನಿಂತು ಕೇಳಿಸಿಕೊಂಡೆ, ಕಾಲು ಏನು ಹೇಳುತ್ತದೆ ಅಂತ. ನೋವು ಮೂರು. ಆದರೆ ದಣಿದಿತ್ತು. ಒಂಟಿ ಕಾಲಿನಲ್ಲಿ ನಿಂತು ನೋಡಿದೆ, ಬಲಗಾಲು ಬೆಳಿಗ್ಗೆಗಿಂತ ಜಾಸ್ತಿ ನಡುಗುತ್ತಿತ್ತು. ಕುಡ್ಲೆಯ ಇಳಿಜಾರಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸ್ನಾಯು ಇದೇ. ಅದು ದಣಿದ ಮೇಲೆ ಇನ್ನೊಂದು ಕಲ್ಲು ಉರುಳಿದರೆ ಏನಾಗುತ್ತದೆ? ಆ ದಾರಿ ನನಗೆ ಬೇಕಿತ್ತು, ತುಂಬಾ ಬೇಕಿತ್ತು. "ಇವತ್ತು ಬ್ಯಾಡ," ಅಂದೆ. "ಅಡ್ಡಿಲ್ಲೆ," ಅಂದಳು ತಂಗಿ. ಮೆಟ್ಟಿಲು ಹತ್ತಿ ಮೇಲೆ ಬಂದು ಆಟೋ ಹಿಡಿದೆವು.

ಆ ರಾತ್ರಿ ತಂಗಿಯ ಮನೆಯಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ನಿಮಿಷ ಇಟ್ಟುಕೊಂಡೆ. ನಿಜವಾದ ಉತ್ತರ ಮರುದಿನ ಬೆಳಿಗ್ಗೆ ಸಿಗುತ್ತದೆ ಎಂದು ಫಿಸಿಯೋ ಹೇಳಿದ್ದರು. ರಾತ್ರಿ ಕಳೆದರೂ ಊತ ಇಳಿಯದಿದ್ದರೆ, ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಗೆ ಹಿಂದಿನ ದಿನಕ್ಕಿಂತ ಜಾಸ್ತಿ ನೋವಾದರೆ, ಅತಿಯಾಯಿತು ಅಂತ ಅರ್ಥ. ಎದ್ದ ಕೂಡಲೆ ಟೇಪಿನಲ್ಲಿ ಗಂಟಿನ ಸುತ್ತ ಅಳೆದೆ. ಹೊರಡುವ ಮೊದಲು ಎಷ್ಟಿತ್ತೋ ಅದಕ್ಕಿಂತ ಅರ್ಧ ಸೆಂಟಿಮೀಟರ್ ಜಾಸ್ತಿ, ಅಷ್ಟೇ. ಮೀನಖಂಡ ಹಿಡಿದುಕೊಂಡಿತ್ತು. ಮೊದಲ ಹೆಜ್ಜೆ ಬಿಗಿ, ಹತ್ತನೇ ಹೆಜ್ಜೆಗೆ ಸರಿಯಾಯಿತು.

ಊರಿಗೆ ಬಂದು ಒಂದು ವಾರಕ್ಕೆ ಸಂಕದ ತನಕ ಹೋದೆ. ಯಜಮಾನರು ಅಷ್ಟರಲ್ಲಿ ದಬ್ಬೆ ಬದಲಾಯಿಸಿ, ಹಿಡಿದುಕೊಳ್ಳಲು ಒಂದು ಬದಿಗೆ ಬಿದಿರು ಕಟ್ಟಿದ್ದರು. ದಾಟಲಿಲ್ಲ. ಬಿದಿರು ಹಿಡಿದು ಒಂದು ಕಾಲು ಇಟ್ಟು ನೋಡಿ ಬಂದೆ. ಗೋಡೆಯ ಅಳತೆ ಈಗ 9. ಅಕ್ಷರಮಾಲೆ ದಿನಾ ನಡೆದಿದೆ.

ಮೊನ್ನೆ ತಂಗಿಗೆ ಫೋನು ಮಾಡಿ, ಬರುವ ತಿಂಗಳು ಹಾಫ್ ಮೂನ್ ತನಕ ಹೋಗೋಣ, ಇಳಿತ ಎಷ್ಟು ಹೊತ್ತಿಗೆ ಬೀಳುತ್ತದೆ ನೋಡಿ ಹೇಳು ಅಂದೆ. ಅವಳು ಕ್ಯಾಲೆಂಡರ್ ತೆಗೆಯಲೂ ಇಲ್ಲ.

"ಸಂಕಷ್ಟಿ ದಿನ ಎಂಟು ಗಂಟೆಗೇ ಅಲ್ದಾ ಅಕ್ಕಾ," ಅಂದಳು.